ಮುಚ್ಚಳದಲ್ಲಿ ಮೊದಲ ಗುಟುಕು

ಥರ್ಮಾಸಿನ ಮುಚ್ಚಳಕ್ಕೆ ಒಂದಿಷ್ಟು ಕಷಾಯ ಬಗ್ಗಿಸಿ, ಮಾವಶಿ ಮೊದಲು ತಾವು ಕುಡಿಯುತ್ತಿದ್ದರು. ಕುಡಿಯುವಾಗ ಕತ್ತನ್ನು ತುಸು ಹಿಂದಕ್ಕೆ ಬಾಗಿಸುತ್ತಿದ್ದರು. ತೆಳ್ಳಗಿನ ಕತ್ತು, ಸಡಿಲವಾದ ಚರ್ಮ. ಗುಟುಕು ಇಳಿಯುವುದು ಎದುರು ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಷ್ಟೇ ಕಹಿಯಿದ್ದರೂ ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಆಮೇಲೆ ಮುಚ್ಚಳವನ್ನು ಬೋರಲು ಮಾಡಿ, ಹನಿಯೂ ಉಳಿದಿಲ್ಲವೆಂದು ತೋರಿಸುವಂತೆ ಕೊಡವಿ, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡು, "ಹೂಂ, ಈಗ ನೀವು ತೊಗೋರಿ" ಎಂದು ಸ್ಟೀಲ್ ಲೋಟವನ್ನು ಮುಂದೆ ಚಾಚುತ್ತಿದ್ದರು.

ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದವರಿಗೆಲ್ಲ ಇದು ಬಹಳ ಇಷ್ಟವಾಗುತ್ತಿತ್ತು. ಬೆಂಗಳೂರಿನಿಂದ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು, "ಎಷ್ಟು ಕ್ಯೂಟ್ ಅಲ್ವಾ ಆಂಟಿ, ಫಸ್ಟ್ ಅವರೇ ಟೇಸ್ಟ್ ಮಾಡ್ತಾರೆ" ಎಂದಿದ್ದಳು. ನಾನು ಹೌದೆಂಬಂತೆ ತಲೆಯಾಡಿಸಿ ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದೆ. ಮೊದಲೆಲ್ಲ ಮಾವಶಿಗೆ ಆ ಅಭ್ಯಾಸ ಇರಲಿಲ್ಲ. ಅದು ಶುರುವಾದದ್ದು ನನ್ನಿಂದ. ನಾನು ಆಡಿದ ಒಂದು ಮಾತಿನಿಂದ.

ಮಾವಶಿ ಎಂದರೆ ಧಾರವಾಡ, ಬೆಳಗಾವಿ ಕಡೆಯವರ ಬಾಯಲ್ಲಿ ತಾಯಿಯ ತಂಗಿ. ಅವರು ನಮಗ್ಯಾರಿಗೂ ಹಾಗೆ ಏನೂ ಆಗಬೇಕಿರಲಿಲ್ಲ. ಪುಣೆಯ ಕಾತ್ರಜದಲ್ಲಿರುವ ನಮ್ಮ ಕಟ್ಟಡದ ನೆಲಮಹಡಿಯ ಮೂಲೆಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ವಯಸ್ಸಿನ ಹುಡುಗಿಯಾಗಿ ಧಾರವಾಡದಿಂದ ನರ್ಸಿಂಗ್ ಕಲಿಯಲು ಪುಣೆಗೆ ಬಂದವರು, ಇಲ್ಲಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತರಾಗಿದ್ದರು. ಸೀರೆಗೆ ಆಗಲೂ ಭುಜದ ಮೇಲೆ ಸೇಫ್ಟಿ ಪಿನ್ನು, ಉಗುರು ಬುಡಕ್ಕೆ ಕತ್ತರಿಸಿದ್ದು, ಎಡಗೈ ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ ತಿರುಗಿಸಿದ್ದು. ನಾಡಿ ಹಿಡಿದು ಎಣಿಸಲು ಅದು ಸುಲಭವಂತೆ.

ನಾನು ಮಂಗಳೂರಿನವಳು. ನನ್ನ ಗಂಡನಿಗೆ ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹಿಡಿದರೆ ಅವರು ಮನೆ ಸೇರುವಾಗ ಕತ್ತಲು. ಇಡೀ ದಿನ ನಾನು, ಹೆದ್ದಾರಿಯ ಲಾರಿಗಳ ಸದ್ದು ಮತ್ತು ತಲೆನೋವು. ನನ್ನ ಪರ್ಸಿನಲ್ಲಿ, ದಿಂಬಿನಡಿಯಲ್ಲಿ, ಸಾಸಿವೆ ಡಬ್ಬಿಯ ಹಿಂದೆ, ಎಲ್ಲ ಕಡೆ ಮಾತ್ರೆಯ ಪಟ್ಟಿಗಳಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಒಂದು, ಕೆಲವೊಮ್ಮೆ ತಲೆ ನೋಯುವ ಮೊದಲೇ ಒಂದು. ಹೊಟ್ಟೆ ಕೆಟ್ಟಿತು. ಕಡೆಗೆ ಡಾಕ್ಟರೇ, "ಈಗ ನಿಮಗೆ ತಲೆನೋವು ಬರುತ್ತಿರುವುದೇ ಈ ಮಾತ್ರೆಯಿಂದ, ಬಿಡಬೇಕು" ಎಂದರು. ಬಿಡುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಆ ದಿನ ರಿಕ್ಷಾದಿಂದ ಇಳಿದು ಗೇಟಿನ ಕಂಬ ಹಿಡಿದು ನಿಂತಿದ್ದಾಗಲೇ ಮಾವಶಿ ನನ್ನನ್ನು ನೋಡಿದ್ದು.

"ಏನಾತು ತಂಗಿ? ಡಾಕ್ಟರ್ ಏನಂದ್ರು? ಮೊದಲ ಅದನ್ನ ಹೇಳು."

ಅವರು ಯಾರಿಗೇ ಆಗಲಿ ಮೊದಲು ಕೇಳುತ್ತಿದ್ದುದು ಅದನ್ನೇ. ಡಾಕ್ಟರಿಗೆ ತೋರಿಸದೆ ಬಂದವರಿಗೆ ಅವರ ಮನೆಯಲ್ಲಿ ಒಂದು ತುಳಸಿ ಎಲೆಯೂ ಸಿಗುತ್ತಿರಲಿಲ್ಲ. ಆದರೆ ಸಣ್ಣಪುಟ್ಟದ್ದಕ್ಕೆಲ್ಲ ಮಾತ್ರೆ ನುಂಗುವವರನ್ನು ಕಂಡರೆ ಕೋಪ. "ಜನ್ಮ ಪೂರ್ತಿ ಗುಳಿಗಿ ಹಂಚೀನಿ, ಗುಳಿಗಿ ಏನಂತ ನನಗ ಗೊತ್ತದ" ಎನ್ನುತ್ತಿದ್ದರು. "ಗುಳಿಗಿ ಅಂದ್ರ ಫೌಜದಾರ ಇದ್ದಂಗ. ಮನಿಗೆ ಕಳ್ಳ ಬಂದ್ರ ಕರೀರಿ, ಬ್ಯಾಡ ಅನ್ನಂಗಿಲ್ಲ. ಬೆಕ್ಕು ಹಾಲು ಕುಡೀತು ಅಂತ ಯಾಕ ಕರೀತೀರಿ? ಬಂದು ಹಾಲಿನ ಗಡಿಗಿ ಒಡದು ಹೋಗ್ತಾನ." ತಮ್ಮ ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ತುಳಸಿ ಕುಂಡದ ಪಕ್ಕದ ಕಿಟಕಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಆ ರೋಗ ಕಳ್ಳನಂತೆ, ಬೆಕ್ಕಲ್ಲವಂತೆ.

ಕಟ್ಟಡದ ಹಿಂದಿನ ಗೋಡೆಯುದ್ದಕ್ಕೂ ಬಣ್ಣದ ಹಳೆಯ ಡಬ್ಬಗಳಲ್ಲಿ ಅವರ ತೋಟ. ವಾಚ್‌ಮನ್ನನ ತಗಡಿನ ಕೋಣೆಯ ಮೇಲೆ ಅಮೃತಬಳ್ಳಿ ಹಬ್ಬಿತ್ತು. ಅಡುಸೋಗೆ, ಒಂದೆಲಗ, ಲೋಳೆಸರ, ದೊಡ್ಡಪತ್ರೆ. ಒಣಬೇರು, ಕಾಯಿಗಳ ಗಂಟು ಧಾರವಾಡದಿಂದ ಅವರ ಅಣ್ಣನ ಮಗ ಕಳುಹಿಸುತ್ತಿದ್ದ. ಮಾವಶಿ ಬೆಳಿಗ್ಗೆಯೇ ಕಾತ್ರಜದ ಬಸ್ಸು ನಿಲ್ಲುವಲ್ಲಿಗೆ ಹೋಗಿ ಕಂಡಕ್ಟರನ ಕೈಯಿಂದ ಅದನ್ನು ಇಸಿದುಕೊಂಡು ಬರುತ್ತಿದ್ದರು. ನಾನು ಮೊದಲ ಸಲ ಅವರ ಡಬ್ಬಗಳ ಮುಂದೆ ನಿಂತಾಗ ದೊಡ್ಡಪತ್ರೆಯ ಎಲೆಯೊಂದನ್ನು ಕಿತ್ತು ಮೂಸಿ, "ಅಯ್ಯೋ, ಇದು ನಮ್ಮಲ್ಲಿಯೂ ಉಂಟು! ಸಾಂಬ್ರಾಣಿ ಸೊಪ್ಪು" ಎಂದೆ.

"ಉಂಟು!" ಎಂದು ಅವರು ನಕ್ಕರು. "ಉಂಟು ಅಂತಾಳ ನೋಡ್ರಿ. ನಮ್ಮವ್ವಾ, ಇನ್ನೊಮ್ಮೆ ಹೇಳು."

ಹೀಗೆ ನಮ್ಮಿಬ್ಬರ ನಡುವೆ ಹೆಸರುಗಳ ಆಟ ಶುರುವಾಯಿತು. ಒಂದೊಂದು ಗಿಡಕ್ಕೆ ನನ್ನ ಹೆಸರು, ಅವರ ಹೆಸರು, ಪುಣೆಯ ಮರಾಠಿ ಹೆಸರು. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡವೆಂದರೆ ಊಟದ ನಂತರದ ನಿದ್ದೆ ಬರುವ ಪೀರಿಯಡ್ಡು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಎರಡರ ನಡುವೆ ಸಿಕ್ಕಿಹಾಕಿಕೊಂಡ ಭಾಷೆ. ಪುಣೆಯಲ್ಲಿ, ಮಾವಶಿಯ ಡಬ್ಬಗಳ ಮುಂದೆ, ನಾನು ಅದನ್ನು ಮತ್ತೊಮ್ಮೆ ಎಲೆಯಿಂದ ಎಲೆಗೆ ಕಲಿತೆ ಎನ್ನಬೇಕು.

ಒಮ್ಮೆ ಅವರು ಹಣೆಗೆ ತೇಯ್ದು ಹಚ್ಚಲು ಬಜೆಯ ಬೇರು ತರಲು ನನ್ನನ್ನು ಪೇಟೆಗೆ ಕಳುಹಿಸಿದರು. "ಅಲ್ಲೆ ಬಜೆ ಅನಬ್ಯಾಡ, ವೇಖಂಡ ಅನ್ನು" ಎಂದು ಹೇಳಿಯೇ ಕಳುಹಿಸಿದ್ದರು. ಗಿಡಮೂಲಿಕೆ ಅಂಗಡಿಯ ಮುಂದೆ ನಿಂತಾಗ ನನಗೆ ಆ ಹೆಸರು ಮರೆತೇಹೋಯಿತು. ಧೈರ್ಯ ಮಾಡಿ ಬಜೆ ಕೊಡಿ ಎಂದೆ. ಅಂಗಡಿಯವನು ಕನ್ನಡಕದ ಮೇಲಿನಿಂದ ನೋಡಿ, ರಸ್ತೆಯಾಚೆ ಎಣ್ಣೆ ಕಾಯುತ್ತಿದ್ದ ತಳ್ಳುಗಾಡಿಯತ್ತ ಬೆರಳು ತೋರಿಸಿದ. ಭಜಿ ಅಲ್ಲಿ ಸಿಗುತ್ತದಂತೆ, ಬಿಸಿಬಿಸಿ. ನಾನು ಮುಖ ಕೆಂಪಾಗಿಸಿಕೊಂಡು ಒಂದು ಪೊಟ್ಟಣ ಈರುಳ್ಳಿ ಭಜಿ ಹಿಡಿದು ಮನೆಗೆ ಬಂದೆ. ಮಾವಶಿ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದನ್ನ ತೇಯ್ದು ಹಣಿಗೆ ಹಚ್ಚಲೇನು?" ಎಂದು ಕೇಳುತ್ತಲೇ ಅಷ್ಟನ್ನೂ ತಿಂದರು.

ಮಾತು ತಪ್ಪಿದರೆ ನಗು, ಅಷ್ಟೇ ಎಂದು ನಾನು ತಿಳಿದುಕೊಂಡಿದ್ದೆ.

ಅವರು ನನಗೆ ಕೊಡುತ್ತಿದ್ದುದು ದೊಡ್ಡದೇನೂ ಅಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಒಣಶುಂಠಿ, ಒಂದು ಚೂರು ಜ್ಯೇಷ್ಠಮಧು, ಕುದಿಸಿ ಸೋಸಿದ್ದು. ಲಾವಂಚದ ಬೇರು ಹಾಕಿದ ಮಡಕೆಯ ನೀರು. "ಇದು ಅರ್ಧಾ ಔಷಧ. ಇನ್ನರ್ಧಾ ಹೊತ್ತಿಗೆ ಸರಿಯಾಗಿ ಉಣ್ಣೂದು, ಮಧ್ಯಾಹ್ನ ಕತ್ತಲಿ ಮಾಡಿಕೊಂಡು ಮಲಗಲಾರದ ಇರೂದು" ಎಂದು ನನ್ನ ಕೈಯಿಂದ ಬಟಾಣಿ ಸುಲಿಸುತ್ತ ಕೂರಿಸುತ್ತಿದ್ದರು. ಮೊದಲ ದಿನಗಳಲ್ಲಿ ತಲೆ ಸಿಡಿಯುತ್ತಿತ್ತು. ಅವರ ಮಂಚದ ಮೇಲೆ ಮಲಗಿ ಅಳುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ಕೂರುತ್ತಿದ್ದರು. ನಾಡಿ ಎಣಿಸುತ್ತಿದ್ದರೋ, ಸುಮ್ಮನೆ ಹಿಡಿದಿದ್ದರೋ, ಕೇಳಲಿಲ್ಲ. ಬರಬರುತ್ತ ತಲೆನೋವು ಎಂದೋ ಒಮ್ಮೆ ಬರುವ ನೆಂಟನಂತಾಯಿತು. ಮಾತ್ರೆಯ ಪಟ್ಟಿಗಳನ್ನು ಅವರೇ ನಮ್ಮ ಮನೆಗೆ ಬಂದು ಹುಡುಕಿ ತೆಗೆದರು. ಸಾಸಿವೆ ಡಬ್ಬಿಯ ಹಿಂದಿನದನ್ನು ಕಂಡು, "ಒಗ್ಗರಣಿಗೂ ಹಾಕ್ತಿದ್ದೇನು?" ಎಂದರು.

ಆಮೇಲೆ ನನ್ನ ಗಂಡನೂ ಅವರ ಕೈಗೆ ಸಿಕ್ಕರು. ಹೊತ್ತುಮೀರಿ ಉಂಡು ಎದೆಯುರಿ ಎನ್ನುತ್ತಿದ್ದವರಿಗೆ ಜೀರಿಗೆ, ಓಮದ ಕಷಾಯ, ಬಂದ ಕೂಡಲೇ ಊಟ, ಊಟವಾದ ಮೇಲೆ ಅಂಗಳದಲ್ಲಿ ನಡಿಗೆ. ನಾನು ಹೇಳಿದರೆ ಕೇಳದವರು, ಮಾವಶಿ ಗೇಟಿನಿಂದ "ಏನ್ರಿ ಸಾಹೇಬ್ರ, ಊಟ ಆತೇನು?" ಎಂದರೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು.

ನಾನು ಇದನ್ನೆಲ್ಲ ಮದ್ದು ಎನ್ನುತ್ತಿದ್ದೆ. ನಮ್ಮ ಊರಲ್ಲಿ ಔಷಧಿಗೆ ಬೇರೆ ಮಾತೇ ಇಲ್ಲ. ಕೆಮ್ಮಿಗೆ ಮದ್ದು, ಗಾಯಕ್ಕೆ ಮದ್ದು, ಡಾಕ್ಟರ್ ಕೊಡುವುದೂ ಮದ್ದೇ. ಮೊದಲ ಸಲ ನಾನು "ಮಾವಶಿ, ನನ್ನ ಮದ್ದು ಆಯಿತಾ?" ಎಂದು ಬಾಗಿಲಲ್ಲಿ ಕೇಳಿದಾಗ ಅವರು ಕೈಯಲ್ಲಿದ್ದ ಸೌಟು ಹಿಡಿದು ಹಾಗೇ ತಿರುಗಿ ನೋಡಿದರು. ಆಮೇಲೆ, "ಮದ್ದು ಅಂತಾಳ!" ಎಂದು ತಮ್ಮಷ್ಟಕ್ಕೆ ನಕ್ಕರು. ಉಂಟು ಎಂದಾಗ ನಕ್ಕಂತೆಯೇ ಇರಬೇಕು ಎಂದುಕೊಂಡೆ. ಅವರು ಮಾತ್ರ ಆ ಮಾತನ್ನು ಒಮ್ಮೆಯೂ ಬಳಸಲಿಲ್ಲ. ನಾನು ಮದ್ದು ಎಂದಾಗಲೆಲ್ಲ ಅವರು ಔಷಧ ಎಂದೇ ಉತ್ತರಿಸುತ್ತಿದ್ದರು. ಸಣ್ಣ ಸಣ್ಣದನ್ನು ಗಮನಿಸುವವಳೆಂದು ನನಗೆ ನನ್ನ ಮೇಲೆ ಹೆಮ್ಮೆ. ಇದೊಂದನ್ನು ಗಮನಿಸಲಿಲ್ಲ.

ಸಂಕ್ರಾಂತಿಯ ಅರಿಶಿಣ ಕುಂಕುಮ ಆ ವರ್ಷ ನಮ್ಮ ಎದುರುಮನೆಯ ವೈನಿಯ ಮನೆಯಲ್ಲಿ. ವೈನಿ ಎಂದರೆ ಅತ್ತಿಗೆ. ಪುಣೆಯಲ್ಲಿ ಅಕ್ಕಪಕ್ಕದ ಹೆಂಗಸರನ್ನೆಲ್ಲ ಹಾಗೆಯೇ ಕರೆಯುವುದು. ಇವರು ಬೆಳಗಾವಿಯವರು, ಚುರುಕು, ಮಾತಿನಲ್ಲಿ ಸೋಲದವರು. ಅವರ ಯಜಮಾನರು ಮೊಣಕಾಲು ನೋವಿಗೆಂದು ದಿನವೂ ಬೆಳಿಗ್ಗೆ ಮಾವಶಿಯ ಮನೆಯ ಮುಂದೆ ಅಮೃತಬಳ್ಳಿಯ ಕಷಾಯ ಕುಡಿದು, ಅಲ್ಲೇ ಮರಾಠಿ ಪೇಪರು ಓದಿ, ನಗುತ್ತ ಮೇಲೆ ಬರುತ್ತಿದ್ದರು. "ನಾ ಕೊಟ್ಟ ಚಹಾ ಆದ್ರ ಸಕ್ಕರಿ ಕಡಿಮಿ. ಅಲ್ಲಿ ಕಹಿ ಕುಡದು ಹಲ್ಲು ಕಿಸೀತಾರ" ಎಂದು ವೈನಿ ತಮಾಷೆಯಾಗಿ ಹೇಳುತ್ತಿದ್ದರು. ಪೂರ್ತಿ ತಮಾಷೆಯಲ್ಲ ಎಂದು ನನಗೆ ತೋರುತ್ತಿತ್ತು.

ಮಾವಶಿ ಇಂಥ ಕೂಟಗಳಿಗೆ ಬರುತ್ತಿರಲಿಲ್ಲ. "ಅಷ್ಟು ಮಂದಿ ಸಾಲಿಡಿದು ಕುಂತ್ರ ನನಗ ವಾರ್ಡು ನೆನಪಾಗ್ತದ" ಎನ್ನುತ್ತಿದ್ದರು. ಆ ದಿನ ಬಂದಿದ್ದವರೆಲ್ಲ ನಮ್ಮ ಕಟ್ಟಡದ ಮತ್ತು ಪಕ್ಕದ ಕಟ್ಟಡದ ಕನ್ನಡದ ಹೆಂಗಸರು. ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯವರು. ನನ್ನ ಕನ್ನಡ ಅವರಿಗೆ ಯಾವಾಗಲೂ ಒಂದು ಮನರಂಜನೆ. "ಪುಸ್ತಕ ಓದಿದಂಗ ಮಾತಾಡ್ತಾರ್ರಿ ಇವರು, ಕಾನ್ವೆಂಟ್ ಕನ್ನಡ" ಎಂದು ಕೆಣಕುತ್ತಿದ್ದರು. ಅವತ್ತು ಯಾರೋ ಕೇಳಿದರು: "ನಿಮ್ಮ ತಲಿನೋವು ಹೆಂಗ ಅದರಿ ಈಗ? ಮಾರಿ ಮ್ಯಾಲೆ ಭಾಳ ಕಳೆ ಬಂದದಲ್ಲ."

ನನಗೆ ಖುಷಿಯಾಯಿತು. ಎಲ್ಲರೂ ನನ್ನತ್ತ ನೋಡುತ್ತಿದ್ದರು. ಎಳ್ಳುಂಡೆಯನ್ನು ಕೈಯಲ್ಲಿ ಹಿಡಿದು ನಾನು ಹೇಳಿದೆ:

"ಎಲ್ಲ ಮಾವಶಿಯ ಮದ್ದು. ದಿನಾ ಬೆಳಿಗ್ಗೆ ಮದ್ದು ಹಾಕಿ ಕೊಡ್ತಾರೆ ನನಗೆ. ಈಗ ನನ್ನ ಗಂಡನಿಗೂ ಮದ್ದು ಹಾಕಿದ್ದಾರೆ, ಅದಕ್ಕೇ ಅವರು ಮಾವಶಿಯ ಮಾತು ಮೀರುವುದೇ ಇಲ್ಲ!"

ಎಲ್ಲರೂ ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ಒಬ್ಬರ ಕೈಯಲ್ಲಿದ್ದ ಕುಂಕುಮದ ಭರಣಿ ಹಾಗೇ ನಿಂತಿತು. ವೈನಿ ನನ್ನನ್ನೇ ನೋಡುತ್ತಿದ್ದರು. ಅವರ ಕೈ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿತ್ತು. "ಹೌದ್ರಿ?" ಎಂದರು ಮೆಲ್ಲಗೆ. "ಹೌದು ಹೌದು, ಜೋರು ಮದ್ದು" ಎಂದೆ ನಾನು. ನನ್ನ ಕನ್ನಡವನ್ನು ಇವರು ಮೊದಲ ಸಲ ಇಷ್ಟು ಗಮನ ಕೊಟ್ಟು ಕೇಳುತ್ತಿದ್ದಾರೆ ಎಂದು ಒಳಗೊಳಗೆ ಬೀಗಿದೆ. ಅದನ್ನು ನೆನೆದರೆ ಈಗಲೂ ಒಬ್ಬಳೇ ಇದ್ದಾಗಲೂ ಮುಖ ಬಿಸಿಯಾಗುತ್ತದೆ.

ಅವರ ಸೀಮೆಯಲ್ಲಿ ಮದ್ದು ಹಾಕುವುದೆಂದರೆ ಬೇರೆಯೇ. ಅನ್ನದಲ್ಲಿ, ಚಹಾದಲ್ಲಿ ಏನನ್ನೋ ಬೆರೆಸಿ ಕೊಟ್ಟು ಮನುಷ್ಯನನ್ನು ವಶ ಮಾಡಿಕೊಳ್ಳುವುದು. ಗಂಡಸರನ್ನು ಮನೆಯಿಂದ ಬಿಡಿಸುವುದು, ಆಗದವರನ್ನು ಒಣಗಿಸಿ ಹಾಕುವುದು. ಒಬ್ಬಂಟಿ ಹೆಂಗಸಿನ ಮೇಲೆ ಬಂದರೆ ಅದಕ್ಕಿಂತ ಕೆಟ್ಟ ಮಾತಿಲ್ಲ. ನಾನು ಆ ದಿನ ಒಂದು ಕೋಣೆ ತುಂಬ ಹೆಂಗಸರ ಮುಂದೆ, ಎಳ್ಳುಬೆಲ್ಲ ತಿನ್ನುತ್ತ, ಅದನ್ನು ಹೊಗಳಿಕೆಯಂತೆ ಹೇಳಿದ್ದೆ.

ಇದು ನನಗೆ ತಿಳಿದದ್ದು ಯುಗಾದಿಯಂದು. ಅಷ್ಟರೊಳಗೆ ಏನೋ ಬದಲಾಗಿದ್ದನ್ನು ನೋಡುತ್ತಲೇ ಇದ್ದೆ. ವೈನಿಯ ಯಜಮಾನರು ಈಗ ಪೇಪರನ್ನು ತಮ್ಮ ಬಾಲ್ಕನಿಯಲ್ಲೇ ಓದುತ್ತಿದ್ದರು. ಮಾವಶಿಯ ಮನೆಯ ಮುಂದಿನ ಬೆಂಚು ಖಾಲಿ. ಬೇಸಿಗೆಯಲ್ವಾ, ಕಷಾಯ ಯಾರು ಕುಡಿಯುತ್ತಾರೆ ಎಂದುಕೊಂಡೆ.

ಪ್ರತಿ ಯುಗಾದಿಗೆ ಮಾವಶಿ ಬೇವಿನ ಹೂವು, ಎಳೆಚಿಗುರು, ಬೆಲ್ಲ, ಓಮ ಕೂಡಿಸಿ ಅರೆದು ಇಡೀ ಕಟ್ಟಡಕ್ಕೆ ಹಂಚುತ್ತಿದ್ದರು. ಮರಾಠಿಯವರ ಮನೆ, ನಮ್ಮವರ ಮನೆ ಎಂದಿಲ್ಲ. ಬಾಗಿಲಲ್ಲೇ ಬಾಯಿ ತೆರೆಸಿ ಚಮಚದಿಂದ ಹಾಕುತ್ತಿದ್ದರು. ಆ ವರ್ಷ ತಟ್ಟೆ ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ಒಂದೊಂದೇ ಬಾಗಿಲು. "ಒಳಗ ಇಡ್ರಿ ಮಾವಶಿ, ಆಮ್ಯಾಲೆ ತಿಂತೀವಿ." "ಸ್ನಾನ ಆಗಿಲ್ರಿ." "ವಾಟೀನಾಗ ಹಾಕ್ರಿ." ಯಾರೂ ಬಾಯಿ ತೆರೆಯಲಿಲ್ಲ. ಮಾವಶಿಯ ಚಮಚ ಪ್ರತಿ ಬಾಗಿಲಲ್ಲೂ ಅರ್ಧ ಮೇಲೆದ್ದು, ಅವರು ಚಾಚಿದ ಪುಟ್ಟ ಬಟ್ಟಲಿಗೆ, ಆ ವಾಟಿಗೆ, ಇಳಿಯಿತು.

ವೈನಿಯೂ ವಾಟಿಯಲ್ಲೇ ಹಾಕಿಸಿಕೊಂಡರು. ನಾವು ಮೇಲಿನ ಮಹಡಿ ಮುಗಿಸಿ ಇಳಿಯುತ್ತಿದ್ದಾಗ ಅವರು ಬಾಗಿಲ ಹೊರಗಿನ ಕ್ರೋಟನ್ ಕುಂಡಕ್ಕೆ ಬಗ್ಗಿ ವಾಟಿಯನ್ನು ಬೆರಳಿಂದ ಬಳಿದು ಸುರಿಯುತ್ತಿದ್ದರು. ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಮಾವಶಿಯ ಮುಖದಲ್ಲಿ ಏನೂ ಕಾಣಲಿಲ್ಲ.

"ಗಿಡಕ್ಕ ಕೆಮ್ಮು ಬಂದಿತ್ತೇನ್ರಿ ವೈನಿ?" ಎಂದರು. ಕೇಳಿ, ಉತ್ತರಕ್ಕೆ ಕಾಯದೆ, ಗೋಡೆ ಹಿಡಿದುಕೊಂಡು ಇಳಿದು ಹೋದರು.

ನಾನು ಅಲ್ಲೇ ನಿಂತೆ. "ಯಾಕೆ ವೈನಿ ಹೀಗೆ ಮಾಡಿದಿರಿ?" ಎಂದೆ.

"ಯಾಕಂದ್ರ? ನೀವ ಹೇಳಿದ್ರಲ್ಲ, ಮದ್ದು ಹಾಕ್ತಾರಂತ!" ವೈನಿ ದನಿ ತಗ್ಗಿಸಿದರು. "ಪಾಪ, ನೀವು ಭೋಳೆ ಸ್ವಭಾವದವರು, ನಗಕೋತ ಹೇಳಿದ್ರಿ. ನಿಮ್ಮ ಯಜಮಾನ್ರಿಗೂ ಹಾಕ್ಯಾರಂತ, ಮಾತು ಮೀರೂದಿಲ್ಲಂತ. ನಮ್ಮವರೂ ಹಂಗ ಆಗಿದ್ರು ನೋಡ್ರಿ, ಮುಂಜಾನೆ ಎದ್ದ ಕೂಡ್ಲೆ ಕೆಳಗ. ನೀವು ಹೇಳದಿದ್ರ ನನಗ ತಿಳೀತಿದ್ದಿಲ್ಲ. ಭಾಳ ಉಪಕಾರ ಆತು." ಮತ್ತೆ ಅವರು ಆ ಮಾತಿನ ಅರ್ಥವನ್ನು, ಅವರ ಊರಲ್ಲಿ ಯಾರು ಯಾರಿಗೆ ಹೇಗೆ ಹಾಕಿದರೆಂಬ ಕಥೆಯನ್ನು, ನಿಂತಲ್ಲೇ ಹೇಳಿದರು.

ಆಗ ನಾನು ಒಂದೇ ವಾಕ್ಯ ಹೇಳಬೇಕಿತ್ತು: ನಮ್ಮ ಕಡೆ ಮದ್ದು ಎಂದರೆ ಔಷಧಿ. ಅಷ್ಟೇ ಸಾಕಿತ್ತು. ಬಾಯಿ ತೆರೆದೆ. ಆದರೆ ವೈನಿಯ ಮುಖ ನೋಡಿದಾಗ ನನಗೆ ಕಂಡದ್ದು ಮಾವಶಿಯಲ್ಲ. ಮುಂದಿನ ಕೂಟದಲ್ಲಿ "ಮದ್ದು ಅಂದ್ರ ಏನಂತ ಗೊತ್ತಿಲ್ಲಂತ್ರಿ ಕಾನ್ವೆಂಟಿನವರಿಗೆ" ಎಂದು ಎಲ್ಲರೂ ನಗುವುದು. ಭಜಿಯ ಪೊಟ್ಟಣ ಹಿಡಿದು ಮಾವಶಿಯೊಬ್ಬರ ಮುಂದೆ ನಗೆಪಾಟಲಾದದ್ದು ಬೇರೆ, ಇದು ಬೇರೆ. ನಮ್ಮ ಶಾಲೆಯಲ್ಲಿ ಉತ್ತರ ಖಚಿತವಿಲ್ಲದಿದ್ದರೆ ತುಟಿ ಮುಚ್ಚಿ ನೆಲ ನೋಡುವುದನ್ನು ಕಲಿಸಿದ್ದರು. ಅದನ್ನೇ ಸಭ್ಯತೆ ಎನ್ನುತ್ತಿದ್ದರು. ನಾನು ನೆಲ ನೋಡಿದೆ. ಕ್ರೋಟನ್ ಕುಂಡದ ಮಣ್ಣಿನ ಮೇಲೆ ಬೇವಿನ ಹೂವುಗಳು ಹರಡಿದ್ದವು. "ಹಾಲು ಉಕ್ಕುತ್ತೆ ವೈನಿ, ಬರ್ತೇನೆ" ಎಂದು ಮನೆಯೊಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಎಷ್ಟೋ ದಿನ ಮಾವಶಿಯ ಮುಂದೆ ಹೋಗಲಾಗಲಿಲ್ಲ. ಕಡೆಗೆ ಹೋದಾಗ ಅವರು ಒಬ್ಬರೇ ಬೆಂಚಿನ ಮೇಲೆ ಕುಳಿತು ಒಣಗಿದ ಬೇರಿನ ಮಣ್ಣು ಉಜ್ಜುತ್ತಿದ್ದರು. ಪಕ್ಕದಲ್ಲಿ ಕುಳಿತು, ಅರಿಶಿಣ ಕುಂಕುಮದಲ್ಲಿ ನಾನು ಅವರ ಔಷಧಕ್ಕೆ ಮದ್ದು ಎಂದೆನೆಂದು, ಅದಕ್ಕೇ ಹೀಗಾಯಿತೆಂದು ಹೇಳಿದೆ. ಅಷ್ಟೇ ಹೇಳಿದೆ. ನನ್ನ ಗಂಡನ ಬಗ್ಗೆ ಮಾಡಿದ ತಮಾಷೆಯನ್ನು, ಮಾತು ಮೀರುವುದಿಲ್ಲ ಎಂದು ಸೇರಿಸಿದ್ದನ್ನು ಹೇಳಲಿಲ್ಲ. ಒಂದು ಶಬ್ದ ತಪ್ಪಿತು ಎನ್ನುವುದು ಸುಲಭ. ಆ ಶಬ್ದದ ಮೇಲೆ ಇಡೀ ಮಾತು ಕಟ್ಟಿ ಮೆರೆದೆ ಎಂದು ಹೇಳಲು ನಾಲಗೆ ಹೊರಳಲಿಲ್ಲ. ವೈನಿಯ ಬಾಗಿಲಲ್ಲಿ ಸುಮ್ಮನಾದದ್ದನ್ನಂತೂ ಹೇಳಲೇ ಇಲ್ಲ.

ಅವರು ಬೇರು ಉಜ್ಜುವುದನ್ನು ನಿಲ್ಲಿಸಲಿಲ್ಲ. "ತಪ್ಪು ನಂದು ಅದ ತಂಗಿ" ಎಂದರು. "ಮೊದಲನೇ ದಿನಾನ ನಿನಗ ತಿದ್ದಬೇಕಾಗಿತ್ತು. ಆದ್ರ ನಿನ್ನ ಬಾಯಾಗ ಆ ಮಾತು ಭಾಳ ಚಂದ ಕೇಳಸ್ತಿತ್ತು. ಸಣ್ಣಾಕಿ ಇದ್ದಾಗಿಂದ ಅದನ್ನ ಕೆಟ್ಟ ಮಾತಂತ ಕೇಳೀನಿ. ನೀ ಬಾಗಲದಾಗ ನಿಂತು 'ನನ್ನ ಮದ್ದು ಆಯಿತಾ' ಅಂತ ಕೇಳಿದ್ರ, ಅದಕ್ಕೂ ಒಂದು ಒಳ್ಳೆ ಮನಿ ಅದಪಾ ಎಲ್ಲೋ ಅನಸ್ತಿತ್ತು. ಕೇಳಬೇಕು ಅನಸ್ತಿತ್ತು."

"ನಾನು ಎಲ್ಲರಿಗೂ ಹೇಳ್ತೇನೆ ಮಾವಶಿ. ಮನೆಮನೆಗೆ ಹೋಗಿ ಹೇಳ್ತೇನೆ."

"ಬ್ಯಾಡ. ನೀ ಹೇಳಿದಷ್ಟೂ ಅದು ಖರೆ ಆಗ್ತದ. ಈಕಿಗೂ ಹಾಕ್ಯಾರ, ಅದಕ್ಕ ಆಕಿ ಪರವಾಗಿ ಮಾತಾಡ್ತಾಳ ಅಂತಾರ." ನಕ್ಕರು. "ಮಂದಿ ಬಾಯಿ ನೋಡಬಾರದು, ನಾ ನನ್ನ ಬಾಯಿ ತೋರಸ್ತೀನಿ."

ಅವರು ಏನು ಹೇಳಿದರೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಥರ್ಮಾಸು ಹಿಡಿದು ಗೇಟಿನ ಹತ್ತಿರ ಬಂದು ಕುಳಿತರು. ಹಾಲಿನವನಿಗೆ ನೆಗಡಿ. ಮುಚ್ಚಳಕ್ಕೆ ಬಗ್ಗಿಸಿ, ಅವನ ಎದುರು, ಬಾಲ್ಕನಿಗಳಲ್ಲಿ ನಿಂತ ಎಲ್ಲರ ಎದುರು, ಕತ್ತು ಹಿಂದಕ್ಕೆ ಬಾಗಿಸಿ ತಾವು ಮೊದಲು ಕುಡಿದರು. ಮುಚ್ಚಳ ಬೋರಲು ಮಾಡಿ ಕೊಡವಿದರು. ಆಮೇಲೆ ಲೋಟ ಕೊಟ್ಟರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಎಷ್ಟೋ ಜನ ರೋಗಿಗಳಿಗೆ ಕೈಯಾರೆ ಔಷಧಿ ಕುಡಿಸಿದ ಹೆಂಗಸು, ತಮ್ಮ ಕೈಯಲ್ಲಿ ವಿಷವಿಲ್ಲವೆಂದು ಹಾಲಿನವನ ಮುಂದೆ ರುಜುವಾತು ಮಾಡುತ್ತಿದ್ದರು.

ಮರಾಠಿಯವರ ಮನೆಯವರು ಬೇಗ ಮರಳಿದರು. ಹೊಸಬರು ಬಂದರು. ನಮ್ಮವರಲ್ಲಿ ಕೆಲವರು ಬಂದರು, ಮುಚ್ಚಳ ಖಾಲಿಯಾಗುವುದನ್ನು ಕಣ್ಣಿಟ್ಟು ನೋಡಿ ಆಮೇಲೆ ಕುಡಿದರು. ವೈನಿ ಬರಲಿಲ್ಲ. "ತಾ ಕುಡದ್ರ ಏನಾತು? ಹಾಕಿದವರಿಗೆ ಅದು ತಟ್ಟೂದಿಲ್ಲಂತ" ಎಂದು ಮೆಟ್ಟಿಲಲ್ಲಿ ಯಾರಿಗೋ ಹೇಳುತ್ತಿದ್ದರು.

ಮುಂದಿನ ಸಂಕ್ರಾಂತಿಗೆ ನನಗೆ ತಡೆಯಲಾಗಲಿಲ್ಲ. ಅದೇ ಕೂಟ, ಈ ಸಲ ನಮ್ಮ ಮನೆಯಲ್ಲಿ. ಮಾವಶಿಯ ಮಾತನ್ನು ಬದಿಗಿಟ್ಟು, ಎಲ್ಲರೂ ಕುಳಿತ ಮೇಲೆ ಹೇಳಿಯೇ ಬಿಟ್ಟೆ: ಹೋದ ವರ್ಷ ನಾನು ಮದ್ದು ಎಂದದ್ದು ಔಷಧಿ ಎಂಬ ಅರ್ಥದಲ್ಲಿ, ನಮ್ಮ ಊರಲ್ಲಿ ಹಾಗೆಯೇ, ನನಗೆ ಗೊತ್ತಿರಲಿಲ್ಲ.

ಎಲ್ಲರೂ ಒಟ್ಟಿಗೇ ನಕ್ಕರು. "ಅಯ್ಯ, ಅದೇನ್ ಹೇಳ್ತೀರ್ರಿ, ನಮಗ ಗೊತ್ತಿಲ್ಲೇನು!" "ಈ ಕಾಲದಾಗ ಅದನ್ನೆಲ್ಲ ಯಾರು ನಂಬ್ತಾರ್ರಿ?" ವೈನಿ ಎಲ್ಲರಿಗಿಂತ ಜೋರಾಗಿ ನಕ್ಕು ನನ್ನ ಕೆನ್ನೆ ಹಿಂಡಿದರು: "ಒಂದು ವರ್ಷ ಅದನ್ನ ಮನಸಿನಾಗ ಇಟಗೊಂಡಿದ್ರೇನು? ಭೋಳೆ!" ಯಾರೂ ನಂಬಿರಲಿಲ್ಲವಂತೆ. ಯಾರೂ ಏನೂ ಅಂದುಕೊಂಡಿರಲಿಲ್ಲವಂತೆ. ಮಾವಶಿ ಕಳುಹಿಸಿದ್ದ ಬಿಸಿ ಕಷಾಯದ ಪಾತ್ರೆ ಮೇಜಿನ ಮೇಲಿತ್ತು, ನಾನೊಬ್ಬಳೇ ಕುಡಿದೆ. ಉಳಿದವರು ಚಹಾ ಕೇಳಿದರು. ಅವರೆಲ್ಲ ಹೋದ ಮೇಲೆ ಆ ಪಾತ್ರೆಯನ್ನು ಮಾವಶಿಗೆ ತುಂಬಿದಂತೆಯೇ ಹಿಂದಿರುಗಿಸಲಾರದೆ ಮೋರಿಗೆ ಸುರಿದು ತೊಳೆದೆ. ವೈನಿ ಕುಂಡಕ್ಕೆ ಸುರಿದರು, ನಾನು ಮೋರಿಗೆ. "ಎಲ್ಲಾರೂ ಕುಡದ್ರೇನು?" ಎಂದು ಮಾವಶಿ ಕೇಳಿದಾಗ ಹೌದು ಎಂದೆ. ಅವರು ಪಾತ್ರೆಯನ್ನು ಒಮ್ಮೆ ಮೂಸಿ ನೋಡಿ ಒಳಗಿಟ್ಟರು.

ಇದೆಲ್ಲ ಆಗಿ ಕೆಲವು ವರ್ಷಗಳ ಮೇಲೆ, ಹೋದ ಮಳೆಗಾಲದ ಕಡೆಯಲ್ಲಿ, ಅವರ ಕಾಲು ಊದಿಕೊಳ್ಳತೊಡಗಿತು. ಮಲಗಿದರೆ ಉಸಿರು ಹಿಡಿಯುತ್ತಿತ್ತು. ಯಾರೋ ಒಂದು ಗಿಡದ ಬೇರಿನ ಹೆಸರು ಹೇಳಿ, ಅದನ್ನು ಅರೆದು ಕುಡಿದರೆ ನೀರು ಇಳಿಯುತ್ತದೆ ಎಂದಾಗ ಅವರು ಬೆರಳಿಂದ ಪಾದದ ಮೇಲೆ ಒತ್ತಿ, ಕುಳಿ ಬಿದ್ದದ್ದನ್ನು ತೋರಿಸಿ, "ಇದು ಬೆಕ್ಕಲ್ಲ, ಕಳ್ಳ. ರಿಕ್ಷಾ ಕರಿ" ಎಂದರು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳನ್ನೆಲ್ಲ ಶಿಸ್ತಿನಿಂದ ನುಂಗಿದರು. ಒಂದು ಹೊತ್ತು ತಡವಾದರೆ ಗಡಿಯಾರ ತೋರಿಸಿ ಸಿಸ್ಟರನ್ನು ಗದರಿಸುತ್ತಿದ್ದರು. ಅಣ್ಣನ ಮಗ ಧಾರವಾಡದಿಂದ ಬಂದು ಹೋಗಿ ಮಾಡುತ್ತಿದ್ದ. ಹಗಲು ನಾನಿರುತ್ತಿದ್ದೆ.

ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ್ದರು. ಮಾವಶಿ ಊಟ ಬೇಡವೆನ್ನುತ್ತಿದ್ದರು. ಡಾಕ್ಟರನ್ನು ಕೇಳಿ, ಉಪ್ಪಿಲ್ಲದ ತೆಳು ಗಂಜಿಗೆ ಒಂದಿಷ್ಟು ಜೀರಿಗೆ ಹಾಕಿ, ಅವರ ಥರ್ಮಾಸಿನಲ್ಲೇ ತುಂಬಿ ತೆಗೆದುಕೊಂಡು ಹೋದೆ. ಮಂಚದ ತಲೆಭಾಗವನ್ನು ಮೇಲೆತ್ತಿ ಅವರನ್ನು ಕೂರಿಸಿ, ಬಿಸಿ ನೋಡೋಣವೆಂದು ಮುಚ್ಚಳಕ್ಕೆ ಬಗ್ಗಿಸಿ ಮೊದಲು ನಾನು ಕುಡಿದೆ. ಯೋಚಿಸಿ ಮಾಡಿದ್ದಲ್ಲ, ಅಷ್ಟು ವರ್ಷ ಅದನ್ನೇ ನೋಡಿದ ಕೈ ತಾನಾಗಿ ಮಾಡಿತು. ಮುಚ್ಚಳವನ್ನು ಬೋರಲು ಮಾಡಿ ಕೊಡವಿಯೂ ಬಿಟ್ಟೆ.

ಮಾವಶಿ ನೋಡುತ್ತಿದ್ದರು.

"ನೀ ಯಾಕ ಕುಡಿತೀಯವ್ವಾ?" ಎಂದರು. ಮಾತು ಉಸಿರಿನ ನಡುವೆ ತುಂಡುತುಂಡಾಗಿ ಬರುತ್ತಿತ್ತು. "ನಿನ್ನ ಮ್ಯಾಲೆ ಯಾರಿಗೂ ಸಂಶಯ ಇಲ್ಲಲ್ಲ."

ನಾನು ಮತ್ತೆ ನೆಲ ನೋಡಿದೆ. ಅವರು ಕೈಚಾಚಿ, ತಾವೇ ಮುಚ್ಚಳ ಇಸಿದುಕೊಂಡು ಗಂಜಿ ಹಾಕಿಸಿಕೊಂಡರು. ನಿಧಾನವಾಗಿ ಅಷ್ಟನ್ನೂ ಕುಡಿದರು. ಆ ಹೊತ್ತಿಗೆ ಮಾತ್ರೆ ಕೊಡಲು ಬಂದ ಸಿಸ್ಟರು, ಮರಾಠಿಯ ಹುಡುಗಿ, ಖಾಲಿ ಮುಚ್ಚಳ ಕಂಡು ಆಶ್ಚರ್ಯಪಟ್ಟಳು. ಬೆಳಿಗ್ಗೆಯಿಂದ ತಾನು ಎಷ್ಟು ಬೇಡಿಕೊಂಡರೂ ಒಂದು ಚಮಚ ಕುಡಿಯದವರು ಈಗ ಹೇಗೆ ಕುಡಿದರು ಎಂದು ಮರಾಠಿಯಲ್ಲಿ ಕೇಳಿದಳು.

ಮಾವಶಿ ನನ್ನತ್ತ ತೋರಿಸಿದರು. ಮರಾಠಿ ಅವರಿಗೆ ಕನ್ನಡದಷ್ಟೇ ಸಲೀಸು. ಆದರೆ ಉತ್ತರ ಕೊಟ್ಟದ್ದು ಕನ್ನಡದಲ್ಲಿ, ಅದೂ ನನ್ನ ದನಿಯನ್ನು ಅಣಕಿಸುತ್ತ, ನನ್ನದೇ ಪುಸ್ತಕದ ಕನ್ನಡದಲ್ಲಿ.

"ನನಗೂ ಮದ್ದು ಹಾಕಿದ್ದಾಳೆ. ಅದಕ್ಕೇ ನಾನು ಇವಳ ಮಾತು ಮೀರುವುದೇ ಇಲ್ಲ."

ಅರಿಶಿಣ ಕುಂಕುಮದ ದಿನ ಎಳ್ಳುಂಡೆ ಹಿಡಿದು ನಾನು ಆಡಿದ ಮಾತು. ನಾನು ಅವರಿಂದ ಮುಚ್ಚಿಟ್ಟಿದ್ದ ಅರ್ಧ. ಹೆಚ್ಚುಕಡಿಮೆ ಅಕ್ಷರ ಬಿಡದಂತೆ ಅದು ಅವರ ಬಳಿ ಇತ್ತು. ಯಾರು ತಲುಪಿಸಿದರೋ, ಎಂದು ತಲುಪಿಸಿದರೋ. ಅಷ್ಟು ವರ್ಷ ಅದನ್ನು ಇಟ್ಟುಕೊಂಡೇ ದಿನಾ ನನ್ನನ್ನು ಒಳಗೆ ಕರೆದಿದ್ದರು, ಬಟಾಣಿ ಸುಲಿಸಿದ್ದರು, ಹಣೆಗೆ ಬೇರು ಹಚ್ಚಿದ್ದರು. ಸಿಸ್ಟರಿಗೆ ಒಂದಕ್ಷರ ಅರ್ಥವಾಗದಿದ್ದರೂ ಮುದುಕಿಯ ಮುಖ ನೋಡಿ ಅವಳೂ ನಕ್ಕಳು. ಮಾವಶಿ ಮುಚ್ಚಳವನ್ನು ನನ್ನ ಕೈಗಿಟ್ಟು, ತುಟಿ ಒರೆಸಿಕೊಳ್ಳಲು ಸೆರಗಿಗಾಗಿ ತಡಕಾಡಿದರು. ಆಸ್ಪತ್ರೆಯ ಅಂಗಿಗೆ ಸೆರಗಿರಲಿಲ್ಲ. ನಾನು ನನ್ನ ಸೆರಗು ಕೊಟ್ಟೆ.

ಆ ವಾರವೇ ಅವರು ತೀರಿಕೊಂಡರು.